ವಾರ್ತೆಯೂ ವಿನೋದವೂ

ಪತ್ರಿಕೆಯ ಗಂಭೀರ ವಾರ್ತೆಗಳನ್ನು ಓದಿ ನಗುವವರನ್ನು ನಮ್ಮ ಜನ ಸಾಮಾನ್ಯವಾಗಿ ಹಗುರವಾಗಿ ಕಾಣುವುದುಂಟು. ಉಪಗ್ರಹ, ಅಣುಶಕ್ತಿ, ಲಸಿಕೆ, ಕಂಪ್ಯೂಟರು ಇಂತಹ ವಿಷಯ ಬಂದಾಗಲಂತೂ, ಇದು ತಿಳಿದವರ ಸಂಗತಿ, ಇಲ್ಲಿ ಚೇಷ್ಟೆ ಸಲ್ಲದು ಎಂದು ಹುಬ್ಬು ಗಂಟಿಕ್ಕುತ್ತಾರೆ. ನನಗೆ ಈ ಮಾತು ಒಪ್ಪಿಗೆಯಾಗದು. ವಿಜ್ಞಾನದ ವಾರ್ತೆಯನ್ನು ಕುರಿತು ವಿನೋದವಾಡುವುದು ಒಳ್ಳೆಯ ನಾಗರಿಕ ಅಭ್ಯಾಸಗಳಲ್ಲಿ ಒಂದು ಎಂದೇ ನನ್ನ ಎಣಿಕೆ. ಆದರೆ ಅದಕ್ಕೊಂದು ಸುಂಕವುಂಟು. ನಗುವವನು ತಾನು ಯಾವುದನ್ನು ಕುರಿತು ನಗುತ್ತಿರುವನೋ ಅದನ್ನು ಮೊದಲು ತಿಳಿದಿರಬೇಕು. ಈ ಸುಂಕವನ್ನು ತೆರದೆ ಒಳನುಗ್ಗುವ ನಗೆ ಮೊಬೈಲಿನ ಈ ಕಾಲದಲ್ಲಿ ಬಹಳವಾಗಿದೆ.

ಕನ್ನಡಕ್ಕೆ ಇಂತಹ ವಿನೋದ ಹೊಸದಲ್ಲ. 1942ರಲ್ಲಿ ಬೆಂಗಳೂರಿನಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆ ಹುಟ್ಟಿತು. ಅದನ್ನು ಹೊರಡಿಸಿದ 'ರಾಶಿ'ಯವರು, ಎಂದರೆ ಡಾ. ಎಂ. ಶಿವರಾಂ ಅವರು, ವೃತ್ತಿಯಿಂದ ವೈದ್ಯರು. ನಾಡಿಯನ್ನು ಹಿಡಿಯುವ ಕೈಯೇ ನಾಡಿನ ಆಗುಹೋಗುಗಳನ್ನೂ ಇಪ್ಪತ್ತೈದು ವರ್ಷ ಹಿಡಿದು ನೋಡಿತು. ಆರ್. ಕೆ. ಲಕ್ಷ್ಮಣ್ ಅವರು ತಮ್ಮ ತಾರುಣ್ಯದಲ್ಲಿ ವ್ಯಂಗ್ಯಚಿತ್ರಗಳನ್ನು ಬರೆದುದು ಈ ಪತ್ರಿಕೆಗೂ ಉಂಟು. ಇದೇ ರಾಶಿಯವರ ಮನೋವಿಜ್ಞಾನದ ಗ್ರಂಥ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಎರಡು ವರ್ಷಗಳ ಅನಂತರ, 1978ರಲ್ಲಿ, ಅದೇ ಪ್ರಶಸ್ತಿ ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ ಸಂದಿತು. ಗಿಡಮರಗಳ ಶಾಸ್ತ್ರವನ್ನು ಓದುಗರು ಬಿದ್ದು ಬಿದ್ದು ನಗುತ್ತ ಕಲಿತದ್ದು ಆ ಪುಸ್ತಕದಲ್ಲಿ. ಇವರಿಬ್ಬರೂ ಸುಂಕವನ್ನು ಧಾರಾಳವಾಗಿಯೇ ತೆತ್ತವರು.

ಈಗ ನಮ್ಮ ಕಾಲದ ಒಂದು ನಿದರ್ಶನವನ್ನು ನೋಡೋಣ. ಬೆಂಗಳೂರಿನಲ್ಲಿ ನೆಲೆಸಿರುವ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದರಲ್ಲಿ, ನಿಂತ ನೀರಿನ ನಡುವೆ, ಆಳೆತ್ತರದ ಮೊಸಳೆಯ ಬೊಂಬೆಯನ್ನು ಇರಿಸಿದರು. ಜನ ಸುತ್ತ ನೆರೆದರು, ವಾರ್ತೆ ಹಬ್ಬಿತು, ಗುಂಡಿ ಮುಚ್ಚಿತು. ನಾಲ್ಕು ವರ್ಷಗಳ ಮೇಲೆ, 2019ರ ಸೆಪ್ಟೆಂಬರ್ ತಿಂಗಳ ಮೊದಲ ವಾರ, ಇಡೀ ದೇಶ ಚಂದ್ರಯಾನ-2ರ ಕಡೆಗೆ ಕಣ್ಣಿಟ್ಟು ಕುಳಿತಿದ್ದಾಗ, ಅವರದೊಂದು ಚಲನಚಿತ್ರದ ತುಣುಕು ಹೊರಬಂತು. ಬೂದುಬಣ್ಣದ ನೆಲ, ಸುತ್ತ ಕುಳಿಗಳು, ಕಗ್ಗತ್ತಲು. ಬಿಳಿಯ ಅಂತರಿಕ್ಷ ಉಡುಪನ್ನು ತೊಟ್ಟ ಒಬ್ಬಾತ ನಿಧಾನವಾಗಿ, ತೇಲಿ ತೇಲಿ ಹೆಜ್ಜೆಯಿಡುತ್ತಿದ್ದಾನೆ. ನೋಡುವವರು ಉಸಿರು ಬಿಗಿಹಿಡಿದಿರುವಾಗ ಆತನ ಪಕ್ಕದಲ್ಲಿ ದೀಪ ಉರಿಸಿಕೊಂಡು ಆಟೋರಿಕ್ಷಾ ಒಂದು ಹಾದುಹೋಗುತ್ತದೆ! ಅದು ಚಂದ್ರನಲ್ಲ, ಬೆಂಗಳೂರಿನ ಹೇರೋಹಳ್ಳಿಯ ರಸ್ತೆ. ಒಂದು ಮಾತಿನ ಟೀಕೆಯೂ ಅದರಲ್ಲಿರಲಿಲ್ಲ. ಬೈಗುಳವೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಆ ರಸ್ತೆಯ ದುರಸ್ತಿಗೆ ಪಾಲಿಕೆಯವರು ತೊಡಗಿದರು.

ಈ ತುಣುಕು ನಗಿಸಿದ್ದು ಏಕೆ? ಆ ನಡಿಗೆ ನಿಜವಾಗಿದ್ದುದರಿಂದ. ಚಂದ್ರನ ಗುರುತ್ವಾಕರ್ಷಣೆ ಭೂಮಿಯದರ ಆರನೆಯ ಒಂದು ಭಾಗವಷ್ಟೆ. ಅಲ್ಲಿ ಕಾಲಿಟ್ಟವರು ನಡೆಯಲಾರದೆ ಕುಪ್ಪಳಿಸಿದರೆಂಬುದನ್ನು ನೀವು ಬಲ್ಲಿರಿ. ಇದನ್ನು ಅರಿಯದವನು ಅಂತರಿಕ್ಷದ ಉಡುಪು ತೊಟ್ಟು ದಡದಡನೆ ನಡೆದಿದ್ದರೆ ಅದು ಶಾಲೆಯ ವೇಷಸ್ಪರ್ಧೆಯಾಗುತ್ತಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಈ ವಿನೋದದ ಒಳಗೊಂದು ಪಾಠವೇ ಅಡಗಿದೆ. ಚಂದ್ರನ ಕುಳಿಗಳು ಮೇಲಿನಿಂದ ಬಂದು ಬಡಿದ ಉಲ್ಕೆಗಳಿಂದ ಆದುವು. ಅಲ್ಲಿ ಗಾಳಿಯೂ ಹರಿಯುವ ನೀರೂ ಇಲ್ಲದ್ದರಿಂದ ಅವು ಕೋಟ್ಯಂತರ ವರ್ಷ ಅಳಿಯದೆ ಉಳಿಯುತ್ತವೆ. ನಮ್ಮ ಗುಂಡಿಗಳನ್ನು ಮಾಡುವುದೇ ನೀರು. ಡಾಂಬರಿನ ಬಿರುಕಿನೊಳಗೆ ಮಳೆನೀರು ಇಳಿಯುತ್ತದೆ. ಕೆಳಗಿನ ಪದರ ಮೆತ್ತಗಾಗುತ್ತದೆ. ಮೇಲೆ ಲಾರಿಯ ಗಾಲಿ ಹಾದಾಗ ಜಲ್ಲಿ ಕಳಚಿ ಬರುತ್ತದೆ. ನೀರು ಹರಿದುಹೋಗಲು ಚರಂಡಿಯಿಲ್ಲದ ಕಡೆ ಎಷ್ಟು ಡಾಂಬರು ಸುರಿದರೂ ಮುಂದಿನ ಮಳೆಗಾಲಕ್ಕೆ ಗುಂಡಿ ಮತ್ತೆ ಹಾಜರು. ಚಂದ್ರನ ನೆಲದಲ್ಲಿ ನೀರಿನ ಅಂಶವುಂಟೆಂಬುದನ್ನು ಕಾಣಲು ನಮ್ಮ ಚಂದ್ರಯಾನ-1 ನೆರವಾಯಿತು. ರಸ್ತೆಯ ಮೇಲಿನ ನೀರನ್ನು ಕಾಣಲು ಯಾವ ಉಪಕರಣವೂ ಬೇಕಾಗಿಲ್ಲ.

ಆ ತುಣುಕನ್ನು ಕಂಡ ಕೆಲವರು, ರಸ್ತೆಯನ್ನೇ ಸರಿಪಡಿಸಲಾರದವರಿಗೆ ಚಂದ್ರನೇಕೆ ಎಂದು ಕೇಳಿದರು. ಕಲಾವಿದರು ಹಾಗೆ ಹೇಳಿದರೆಂದು ನನಗೆ ತೋರುವುದಿಲ್ಲ. ಚಂದ್ರನವರೆಗೆ ನೌಕೆಯನ್ನು ಕಳುಹಬಲ್ಲ ಊರಿಗೆ ಒಂದು ಗುಂಡಿಯನ್ನು ಮುಚ್ಚುವುದು ಕಷ್ಟವೆ ಎಂಬುದು ಅದರ ಒಳದನಿ. ಮೊದಲನೆಯ ಮಾತು ಇಸ್ರೋ ಸಂಸ್ಥೆಯನ್ನು ಹಳಿಯುತ್ತದೆ. ಎರಡನೆಯದು ಅದನ್ನು ಅಳತೆಗೋಲಾಗಿ ಹಿಡಿದು ಇತರರನ್ನು ಅಳೆಯುತ್ತದೆ. ಎರಡಕ್ಕೂ ಅಜಗಜಾಂತರ.

ಅದಾದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಮೇಲೆ, ವಿಕ್ರಮ್ ಎಂಬ ಇಳಿನೌಕೆ ಚಂದ್ರನ ನೆಲಕ್ಕೆ ಸುಮಾರು ಎರಡು ಕಿಲೋಮೀಟರು ಎತ್ತರದಲ್ಲಿರುವಾಗ ಸಂಪರ್ಕವನ್ನು ಕಳೆದುಕೊಂಡು ಬಿದ್ದುಹೋಯಿತು. ಬೆಳಗಾಗುವ ಮೊದಲೇ ಅಪಹಾಸ್ಯದ ಮಾತುಗಳು ಹೊರಟುವು. ಅವುಗಳಲ್ಲಿ ಬಹುಪಾಲು ಬಿದ್ದವನನ್ನು ಕಂಡು ನಗುವ ಜಾತಿಯವು. ನೌಕೆ ಏಕೆ ಬಿತ್ತು, ವೇಗವನ್ನು ತಗ್ಗಿಸುವುದರಲ್ಲಿ ಎಲ್ಲಿ ತಪ್ಪಿತು ಎಂಬ ಪ್ರಶ್ನೆ ಆ ನಗೆಗೆ ಬೇಕಾಗಿರಲಿಲ್ಲ. ಅದೇ ಪ್ರಶ್ನೆಯನ್ನು ಹಿಡಿದು ಕುಳಿತವರು ಮುಂದಿನ ನೌಕೆಯ ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರು ಚೌಕದಿಂದ ನಾಲ್ಕು ಕಿಲೋಮೀಟರು ಉದ್ದ, ಎರಡೂವರೆ ಕಿಲೋಮೀಟರಿನಷ್ಟು ಅಗಲಕ್ಕೆ ವಿಸ್ತರಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಯಿತು. ಅದರ ಚಲನೆಯನ್ನು ಗಮನಿಸುತ್ತಿದ್ದ ಕೇಂದ್ರ ಇರುವುದು ಬೆಂಗಳೂರಿನ ಪೀಣ್ಯದ ಕಡೆ.

ಬೆಂಗಳೂರಿನ ಇನ್ನೊಂದು ತುದಿ, ಬನ್ನೇರುಘಟ್ಟ ರಸ್ತೆಯ ಮೇಲಿನ ಗೊಟ್ಟಿಗೆರೆ. ಕೆರೆಯನ್ನು ಹೆಸರಿನಲ್ಲಿಯೇ ಉಳಿಸಿಕೊಂಡಿರುವ ಊರು. ಮೆಟ್ರೋ ಮಾರ್ಗದ ಕೆಲಸವನ್ನು ವರ್ಷಗಟ್ಟಲೆ ಧೂಳಿನೊಡನೆ ಉಂಡ ಊರು. ಆ ಆಗಸ್ಟ್ ತಿಂಗಳಲ್ಲಿ ಇಲ್ಲಿನ ಚಹಾದಂಗಡಿಗಳ ಮುಂದೆ ಎರಡು ಬಗೆಯ ವಿನೋದ ನನ್ನ ಕಿವಿಗೆ ಬಿತ್ತು. ಇಲ್ಲಿಂದ ಜಯದೇವ ಆಸ್ಪತ್ರೆಯವರೆಗೆ ಹೋಗುವುದಕ್ಕಿಂತ ಚಂದ್ರನಲ್ಲಿಗೆ ಹೋಗುವುದೇ ಸುಲಭ, ಅಲ್ಲಿ ಸಿಗ್ನಲ್ ಇಲ್ಲ ಎಂಬುದು ಒಂದು. ಅದರಲ್ಲಿ ಉತ್ಪ್ರೇಕ್ಷೆಯುಂಟು, ಅನುಭವವೂ ಉಂಟು. ಆ ದಾರಿಯಲ್ಲಿ ಬಸ್ಸಿನೊಳಗೆ ನಿಂತವರು ಸುಂಕವನ್ನು ಬೆವರಿನಲ್ಲಿ ತೆತ್ತಿದ್ದಾರೆ. ಇನ್ನೊಂದು ಹೀಗಿತ್ತು: ಅಮೆರಿಕದವರು 1969ರಲ್ಲಿಯೇ ನಾಲ್ಕು ದಿನಗಳಲ್ಲಿ ಚಂದ್ರನನ್ನು ಮುಟ್ಟಿದರು, ನಮ್ಮವರಿಗೆ ನಲವತ್ತು ದಿನ ಬೇಕಾಯಿತು, ಇದು ಎತ್ತಿನ ಗಾಡಿಯ ನೌಕೆ.

ಕೇಳಲು ಈ ಎರಡನೆಯದೇ ಹೆಚ್ಚು ಚುರುಕು. ಆದರೆ ಒಳಗೆ ಟೊಳ್ಳು. ಅಪೊಲೊ ನೌಕೆಯನ್ನು ಹೊತ್ತ ಸ್ಯಾಟರ್ನ್-5 ದೈತ್ಯ ರಾಕೆಟ್ಟು. ಒಂದೇ ಓಟಕ್ಕೆ ಚಂದ್ರನ ಕಡೆಗೆ ಎಸೆಯುವ ಬಲ ಅದಕ್ಕಿತ್ತು. ನಮ್ಮ ರಾಕೆಟ್ಟು ಅದಕ್ಕಿಂತ ಬಹು ಚಿಕ್ಕದು. ಆದ್ದರಿಂದ ನೌಕೆ ಭೂಮಿಯನ್ನು ಸುತ್ತುತ್ತ, ಪ್ರತಿ ಸಲವೂ ಭೂಮಿಗೆ ಸಮೀಪ ಬಂದಾಗ ಸ್ವಲ್ಪ ಇಂಧನವನ್ನು ಉರಿಸಿ, ತನ್ನ ಕಕ್ಷೆಯನ್ನು ಉದ್ದಮಾಡಿಕೊಳ್ಳುತ್ತ ಹೋಯಿತು. ಉಯ್ಯಾಲೆಯಲ್ಲಿ ಕುಳಿತ ಮಗು ಒಂದೇ ನೂಕಿಗೆ ಕೊಂಬೆಯನ್ನು ಮುಟ್ಟಲಾರದೆ, ಜೀಕಿ ಜೀಕಿ ಕೊನೆಗೆ ಎಲೆ ಕೀಳುವುದಿಲ್ಲವೆ? ಎತ್ತಿನ ಗಾಡಿಯೆಂದವನು ಉಯ್ಯಾಲೆಯನ್ನು ನೋಡಿರಲಿಲ್ಲ, ಅಷ್ಟೆ. ನೋಡಿದ್ದರೆ ಇನ್ನೂ ಒಳ್ಳೆಯ ವಿನೋದವೊಂದು ಅವನಿಗೆ ಸಿಗುತ್ತಿತ್ತು.

ಓದು ಬರಹ ಬಲ್ಲವರು ಇಂತಹ ತಪ್ಪು ಮಾಡಲಾರರು ಎಂದು ನೀವು ತಿಳಿದೀರಿ. 1920ರ ಜನವರಿ 13ರಂದು 'ನ್ಯೂಯಾರ್ಕ್ ಟೈಮ್ಸ್' ಎಂಬ ಪ್ರಸಿದ್ಧ ಪತ್ರಿಕೆ ರಾಬರ್ಟ್ ಗೊಡ್ಡಾರ್ಡ್ ಎಂಬ ವಿಜ್ಞಾನಿಯನ್ನು ಸಂಪಾದಕೀಯದಲ್ಲಿ ಗೇಲಿ ಮಾಡಿತು. ರಾಕೆಟ್ಟಿನಿಂದ ಚಂದ್ರನನ್ನು ಮುಟ್ಟಬಹುದೆಂದು ಅವರು ಬರೆದಿದ್ದರು. ನಿರ್ವಾತದಲ್ಲಿ ರಾಕೆಟ್ಟು ಒತ್ತಿ ನೂಕಲು ಏನೂ ಇರುವುದಿಲ್ಲವೆಂಬ, ಪ್ರೌಢಶಾಲೆಯಲ್ಲಿ ದಿನನಿತ್ಯ ಕಲಿಸುವ ಸಂಗತಿಯೂ ಈ ಪ್ರಾಧ್ಯಾಪಕರಿಗೆ ತಿಳಿಯದಂತೆ ಕಾಣುತ್ತದೆ ಎಂಬುದು ಪತ್ರಿಕೆಯ ಧೋರಣೆ. ಆದರೆ ರಾಕೆಟ್ಟು ನೂಕುವುದು ಹೊರಗಿನ ಗಾಳಿಯನ್ನಲ್ಲ, ತನ್ನೊಳಗಿನಿಂದ ಚಿಮ್ಮುವ ಅನಿಲವನ್ನು. ಹರಿಗೋಲಿನಿಂದ ದಡಕ್ಕೆ ಹಾರಿದವನು ಹರಿಗೋಲನ್ನು ಹಿಂದಕ್ಕೆ ತಳ್ಳುವುದು ಗಾಳಿಯ ನೆರವಿನಿಂದಲ್ಲ. ಪ್ರೌಢಶಾಲೆಯ ಪಾಠ ತಿಳಿಯದೆ ಇದ್ದುದು ಯಾರಿಗೆಂಬುದನ್ನು ಪ್ರೌಢಶಾಲೆಯಲ್ಲಿರುವ ನೀವೇ ಹೇಳಬಲ್ಲಿರಿ.

ಗೊಡ್ಡಾರ್ಡ್ ಅವರು ಆ ನಗೆಯಿಂದ ನೊಂದು, ಪ್ರಚಾರದಿಂದ ದೂರ ಸರಿದು ತಮ್ಮ ಪ್ರಯೋಗಗಳನ್ನು ನಡೆಸಿದರು. 1926ರಲ್ಲಿ ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದವರು ಅವರೇ. 1969ರ ಜುಲೈ 17ರಂದು, ಅಪೊಲೊ-11 ಚಂದ್ರನತ್ತ ಹೊರಟ ಮರುದಿನ, ಪತ್ರಿಕೆ ತನ್ನ ತಪ್ಪಿಗೆ ವಿಷಾದವನ್ನು ಪ್ರಕಟಿಸಿತು. ಅದನ್ನು ಓದಲು ಗೊಡ್ಡಾರ್ಡ್ ಇರಲಿಲ್ಲ. ಅವರು 1945ರಲ್ಲಿಯೇ ತೀರಿಕೊಂಡಿದ್ದರು.