ವಾರಕ್ಕೊಂದು ಪೆನ್ನಿ

ಸಾಲವು ನೆಂಟರನ್ನು ದೂರಮಾಡುವುದೆಂಬುದು ಲೋಕದ ಅನುಭವ. ಆದರೆ ನೆಂಟರಲ್ಲದವರನ್ನು ಒಂದು ಸಾಲವು ನೆಂಟರಿಗಿಂತ ಹತ್ತಿರಕ್ಕೆ ತಂದ ಪ್ರಸಂಗವೂ ಉಂಟು. ಅದು ನಡೆದದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, ೧೭೪೨ರ ಫೆಬ್ರವರಿಯಲ್ಲಿ. ಇಂದು ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ವಾರದ ನಡುವೆ ಒಂದು ಸಂಜೆ ಹತ್ತು ಹನ್ನೆರಡು ಮಂದಿ ಕ್ರೈಸ್ತರು ಯಾರದಾದರೂ ಮನೆಯ ಹಜಾರದಲ್ಲಿ ಕುಳಿತು, ಸತ್ಯವೇದವನ್ನೋದಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದುಂಟು. ಇಂಥ ಮನೆಕೂಟಗಳ ಪೂರ್ವಚರಿತ್ರೆಯನ್ನು ಅರಸಹೊರಟವರು ಆ ಸಾಲದ ಕಥೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಜಾನ್ ವೆಸ್ಲಿಯವರು ಆಂಗ್ಲಿಕನ್ ಪಾದ್ರಿಗಳು. ಆಕ್ಸ್‌ಫರ್ಡಿನಲ್ಲಿ ಓದಿ, ಅಲ್ಲಿಯೇ ಪಾಠ ಹೇಳಿದವರು. ೧೭೩೯ರಲ್ಲಿ ಅವರು ಬ್ರಿಸ್ಟಲಿನ ಬಯಲಿನಲ್ಲಿ ನಿಂತು ಬಡಜನಕ್ಕೆ, ಗಣಿಗಳ ಕೂಲಿಕಾರರಿಗೆ ಉಪದೇಶ ಮಾಡತೊಡಗಿದರು. ಬಂದವರಿಗೆ ನೆರಳು ಬೇಕೆಂದು ಅದೇ ವರ್ಷ ಒಂದು ಮಂದಿರದ ಕೆಲಸ ಆರಂಭವಾಯಿತು. ‘ನ್ಯೂ ರೂಮ್’ ಎಂಬ ಹೆಸರಿನ ಆ ಕಟ್ಟಡ ಇಂದಿಗೂ ನಿಂತಿದೆ. ಕಟ್ಟಡ ಎದ್ದಿತು, ಅದರೊಡನೆ ಸಾಲವೂ ಎದ್ದಿತು. ಮೂರು ವರ್ಷಗಳಾಗುತ್ತ ಬಂದರೂ ತೀರಲಿಲ್ಲ. ಆಗ ಸೇರಿದ ಸಭೆಯಲ್ಲಿ ಕ್ಯಾಪ್ಟನ್ ಫಾಯ್ ಎಂಬಾತ, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದನು. ಅದನ್ನೂ ಕೊಡಲಾರದ ಬಡವರಿದ್ದಾರಲ್ಲ ಎಂದು ಮತ್ತೊಬ್ಬರ ಆಕ್ಷೇಪ. ಹಾಗಾದರೆ ಅಂಥ ಕಡುಬಡವರಲ್ಲಿ ಹನ್ನೊಂದು ಮಂದಿಯನ್ನು ತನ್ನ ಪಾಲಿಗೆ ಬಿಡಬೇಕು. ವಾರವಾರವೂ ಅವರ ಮನೆಗೆ ಹೋಗುವೆನು. ಕೊಟ್ಟರೆ ಸರಿ, ಇಲ್ಲದಿದ್ದರೆ ಅವರ ಪೆನ್ನಿಯನ್ನೂ ತಾನೇ ತುಂಬುವೆನು ಎಂದು ಫಾಯ್ ಹೇಳಿದನು. ಇತರರೂ ಅದೇ ರೀತಿ ಒಪ್ಪಿದರು.

ಹಣವೇನೋ ಬರತೊಡಗಿತು. ಆದರೆ ಪೆನ್ನಿ ಕೇಳಲು ಮನೆಯ ಬಾಗಿಲಿಗೆ ಹೋದವರಿಗೆ ಮನೆಯ ಒಳಗೂ ಕಾಣಿಸಿತು. ಇಂಥವನು ಬಾಳಬೇಕಾದಂತೆ ಬಾಳುತ್ತಿಲ್ಲ ಎಂಬ ವರದಿಗಳು ವೆಸ್ಲಿಯವರಿಗೆ ಮುಟ್ಟಿದವು. ಸಾವಿರ ಮಂದಿಗೆ ಉಪದೇಶ ಮಾಡಬಲ್ಲ ತಾವು ಆ ಸಾವಿರದಲ್ಲಿ ಒಬ್ಬನ ಮನೆಯನ್ನೂ ಅರಿಯದೆ ಇದ್ದೇವೆಂಬುದು ಅವರ ಮನಸ್ಸಿಗೆ ತಟ್ಟಿತು. ತಾವು ಬಹುದಿನಗಳಿಂದ ಅರಸುತ್ತಿದ್ದ ಉಪಾಯ ಇದೇ ಎಂದು ಅವರು ಕಂಡುಕೊಂಡರು. ಲೆಕ್ಕದ ಪುಸ್ತಕದಿಂದ ಆತ್ಮದ ಲೆಕ್ಕಕ್ಕೆ ದಾರಿ ತೆರೆಯಿತು.

ಮನೆಮನೆಗೆ ಹೋಗುವ ಪದ್ಧತಿ ಮಾತ್ರ ಬಹುಕಾಲ ನಡೆಯಲಿಲ್ಲ. ಅನೇಕರು ಪರರ ಮನೆಯಲ್ಲಿ ಆಳುಗಳಾಗಿದ್ದವರು. ಯಜಮಾನರು ಒಳಗೆ ಬಿಡುತ್ತಿರಲಿಲ್ಲ, ಬಿಟ್ಟರೂ ಅವರ ಎದುರಿನಲ್ಲಿ ಮನಬಿಚ್ಚಿ ಮಾತನಾಡುವುದೆಂತು? ಒಬ್ಬರ ಮೇಲೊಬ್ಬರು ಹೇಳುವ ದೂರುಗಳೂ ಇತ್ಯರ್ಥವಾಗುತ್ತಿರಲಿಲ್ಲ. ಆದುದರಿಂದ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೆಡೆ ಕೂಡುವುದೆಂದು ಗೊತ್ತಾಯಿತು. ಮುಖಾಮುಖಿಯಾದಾಗ ಅರ್ಧ ಜಗಳಗಳಿಗೆ ಬುಡವೇ ಇಲ್ಲದಂತಾಯಿತು. ಈ ಕೂಟಕ್ಕೆ ‘ಕ್ಲಾಸ್’ ಎಂದು ಹೆಸರು. ಕನ್ನಡದಲ್ಲಿ ಅದನ್ನು ‘ತರಗತಿ’ ಎಂದರೆ ಬೆಂಚು, ಬೆತ್ತಗಳ ನೆನಪಾದೀತು. ಅಲ್ಲಿ ಆ ಪದಕ್ಕೆ ‘ವಿಭಾಗ’ವೆಂದಷ್ಟೇ ಅರ್ಥ. ಕೂಟಕ್ಕೊಬ್ಬ ನಾಯಕ; ಹೆಂಗಸರಲ್ಲಿಯೂ ನಾಯಕಿಯರಿದ್ದರು. ವಾರಕ್ಕೊಮ್ಮೆ ಪ್ರತಿಯೊಬ್ಬರನ್ನೂ ಕಂಡು ಅವರ ಆತ್ಮದ ಯೋಗಕ್ಷೇಮವನ್ನು ವಿಚಾರಿಸುವುದು ನಾಯಕನ ಕರ್ತವ್ಯವೆಂದು ೧೭೪೩ರ ನಿಯಮಗಳು ವಿಧಿಸಿದವು.

ಇದು ಸತ್ಯವೇದದಲ್ಲಿಲ್ಲದ ನವೀನ ಏರ್ಪಾಡು ಎಂದು ಆಗಲೇ ಕೆಲವರು ಮುನಿದರು. ಆದರೆ ಪ್ರಿಸ್ಕಿಲ್ಲ, ಅಕ್ವಿಲ ದಂಪತಿಗಳ ಮನೆಯಲ್ಲಿ ಕೂಡುವ ಸಭೆಯನ್ನು ಪೌಲನ ಪತ್ರಗಳೇ ಹೆಸರಿಸುತ್ತವೆ. ಚರ್ಚೆಂಬುದಕ್ಕೆ ಮೂಲ ಗ್ರೀಕಿನಲ್ಲಿರುವ ಪದದ ಅರ್ಥವೂ ಕಟ್ಟಡವಲ್ಲ, ಕೂಡಿದ ಜನ. ಕನ್ನಡ ಕ್ರೈಸ್ತರು ಬಳಸುವ ‘ಸಭೆ’ ಎಂಬ ಮಾತು ಆ ಅರ್ಥವನ್ನು ಚೆನ್ನಾಗಿ ಉಳಿಸಿಕೊಂಡಿದೆ.

ಸೇರುವುದು ಸುಲಭ, ಪಾಪದಿಂದ ಬಿಡುಗಡೆ ಬೇಕೆಂಬ ಹಂಬಲವೊಂದಿದ್ದರೆ ಸಾಕಿತ್ತು. ಉಳಿಯುವುದು ಕಷ್ಟ. ನ್ಯೂಕಾಸಲ್ ಊರಿನಲ್ಲಿ ೧೭೪೩ರಲ್ಲಿ ಹೊರಹಾಕಿದ ೬೪ ಮಂದಿಯ ಲೆಕ್ಕವನ್ನು ವೆಸ್ಲಿಯವರು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ: ಕುಡಿತಕ್ಕಾಗಿ ೧೭, ಬೈಗುಳ ಹಾಗೂ ಚಾಡಿಗಾಗಿ ೪, ಸುಳ್ಳಿಗಾಗಿ ೩, ಸೋಮಾರಿತನಕ್ಕಾಗಿ ೧, ಹೆಂಡತಿಯನ್ನು ಹೊಡೆದುದಕ್ಕಾಗಿ ೧. ಎಲ್ಲಕ್ಕೂ ಹೆಚ್ಚು, ಅಂದರೆ ೨೯ ಮಂದಿ, ಕೇವಲ ಉಡಾಫೆ, ಅಲಕ್ಷ್ಯಗಳಿಗಾಗಿ. ಊರಿಗೆಲ್ಲ ಹೆಂಡತಿಯನ್ನು ಹೊಡೆಯುವವನು ಒಬ್ಬನೇ ಇದ್ದನೋ, ಒಬ್ಬಳೇ ಬಾಯಿಬಿಟ್ಟು ಹೇಳಿದಳೋ ಎಂದು ಇಂದಿನ ಗೃಹಿಣಿಯರು ಕೇಳಿದರೆ ತಪ್ಪೆನ್ನಲಾಗದು.

ಕಾಲಕ್ರಮದಲ್ಲಿ ಈ ಬಿಗಿ ಸಡಿಲಿತು. ಮೂರು ತಿಂಗಳಿಗೊಮ್ಮೆ ಕೊಡುವ ಚೀಟಿ ಉಳಿಯಿತು, ಪ್ರಶ್ನೆ ಬಾಯಿಪಾಠವಾಯಿತು, ಉತ್ತರವೂ ಹಾಗೆಯೇ. ೧೯ನೆಯ ಶತಮಾನದಲ್ಲಿ ವೆಸ್ಲಿಯನ್ ಮಿಷನ್ನಿನವರು ಮೈಸೂರು ಸೀಮೆಗೂ ಬಂದು ಬೆಂಗಳೂರು, ಗುಬ್ಬಿ, ತುಮಕೂರುಗಳಲ್ಲಿ ನೆಲೆಯೂರಿದರು. ಆ ಸಭೆಗಳು ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು. ಹೆಸರು ಬದಲಾದರೂ ಹಜಾರದ ಕೂಟ ಉಳಿದಿದೆ. ಈಗ ಬೇರೆ ಬೇರೆ ಪಂಥದವರೂ ಅದನ್ನು ನಡೆಸುತ್ತಾರೆ.

ಹಾಸನದಿಂದಲೋ ಮಂಗಳೂರಿನಿಂದಲೋ ಉದ್ಯೋಗಕ್ಕಾಗಿ ಬೆಂಗಳೂರಿಗೆ ಬಂದ ಕುಟುಂಬವೊಂದನ್ನು ಕಲ್ಪಿಸಿಕೊಳ್ಳೋಣ. ಭಾನುವಾರ ದೇವಾಲಯದಲ್ಲಿ ಐನೂರು ಮಂದಿ. ಆರಾಧನೆ ಮುಗಿದಮೇಲೆ ಬಾಗಿಲಲ್ಲಿ ಅಯ್ಯನವರ ಒಂದು ಕೈಕುಲುಕು. ಮತ್ತೆ ಮುಂದಿನ ಭಾನುವಾರವೇ. ಮನೆಯಾತನ ಕೆಲಸ ಹೋದರೂ, ಮಗ ಕುಡಿತಕ್ಕೆ ಬಿದ್ದರೂ, ಪ್ರಾರ್ಥನೆಯಲ್ಲಿ ನಂಬಿಕೆಯೇ ಉಡುಗಿಹೋದರೂ ಆ ಐನೂರರಲ್ಲಿ ಯಾರಿಗೂ ಗೊತ್ತಾಗದೆ ವರ್ಷಗಳು ಕಳೆಯಬಹುದು. ಮನೆಕೂಟದಲ್ಲಿ ಅದು ಸಾಧ್ಯವಿಲ್ಲ. ಎರಡು ವಾರ ಬಾರದಿದ್ದರೆ ಮೂರನೆಯ ವಾರ ಯಾರಾದರೂ ಬಂದು ಕದ ತಟ್ಟುತ್ತಾರೆ. ಸೇರಬೇಕೆಂಬ ಆಸೆಗೂ ಸೇರಲು ಅಂಜುವುದಕ್ಕೂ ಕಾರಣ ಇದೊಂದೇ.

ಅಂಜಿಕೆ ನಿರಾಧಾರವೂ ಅಲ್ಲ. ಎಲ್ಲರೂ “ದೇವರ ಕೃಪೆಯಿಂದ ಎಲ್ಲ ಚೆನ್ನಾಗಿದೆ” ಎಂದು ಹೇಳಿ, ಕಾಫಿ ಕುಡಿದು ಏಳುವ ಕೂಟದಿಂದ ಪ್ರಯೋಜನವೂ ಇಲ್ಲ, ಅಪಾಯವೂ ಇಲ್ಲ. ಹಜಾರದಲ್ಲಿ ಕಣ್ಣೀರಿಟ್ಟು ಹೇಳಿದ ಮಾತು ಮರುದಿನ ಮಾರುಕಟ್ಟೆಯಲ್ಲಿ ಕೇಳಿಬಂದರೆ ಮಾತ್ರ ಅಂಥ ಕೂಟಕ್ಕಿಂತ ಒಂಟಿತನವೇ ಲೇಸು. ಇತರರ ಅಂತರಂಗವನ್ನು ಕೆದಕಿ, ತನ್ನದನ್ನು ಮುಚ್ಚಿಟ್ಟುಕೊಳ್ಳುವ ನಾಯಕನೂ ಅಷ್ಟೇ ಕೆಡುಕು.

ವೆಸ್ಲಿಯವರಿಗೆ ಇದರ ಅರಿವು ಸಾಲದ ಪ್ರಸಂಗಕ್ಕೆ ಮೊದಲೇ ಇದ್ದಿತು. ‘ಕ್ಲಾಸಿ’ಗಿಂತ ಚಿಕ್ಕದಾದ, ಇನ್ನೂ ಆಪ್ತವಾದ ‘ಬ್ಯಾಂಡ್’ ಎಂಬ ಕೂಟಗಳಿಗಾಗಿ ಅವರು ೧೭೩೮ರ ಕ್ರಿಸ್‌ಮಸ್ ದಿನ ಬರೆದ ನಿಯಮಗಳಲ್ಲಿ, ನಿನ್ನ ತಪ್ಪುಗಳನ್ನು ಇತರರು ಮುಚ್ಚುಮರೆಯಿಲ್ಲದೆ ಹೇಳುವುದು ನಿನಗೆ ಒಪ್ಪಿಗೆಯೆ ಎಂದು ಹೊಸದಾಗಿ ಬಂದವನನ್ನು ಕೇಳಬೇಕೆಂದಿದೆ. ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತೂ ಇದೆ: ಕೂಟದಲ್ಲಿ ಪ್ರಶ್ನೆ ಕೇಳುವ ವ್ಯಕ್ತಿ ಮೊದಲು ತನ್ನ ಸ್ವಂತ ಸ್ಥಿತಿಯನ್ನು ಹೇಳಿಕೊಂಡು, ಅನಂತರವೇ ಉಳಿದವರ ಕಡೆಗೆ ತಿರುಗಬೇಕು.