ಆಸೆಗೆ ಪುರಾವೆ ಬೇಕು

ಅಸ್ಥಿಮಜ್ಜೆ ಕಸಿಯ ಬಳಿಕ ದಾನಿಯ ರೋಗನಿರೋಧಕ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆಯೇ ತಿರುಗಿಬೀಳುವುದುಂಟು. ಸ್ಟಿರಾಯ್ಡ್‌ಗೂ ಬಗ್ಗದ ಈ ತೊಡಕಿಗೆ ಸಿಲುಕಿದ ಮಕ್ಕಳಿಗಾಗಿ ‘ರಯಾನ್ಸಿಲ್’ ಎಂಬ ಕಾಂಡಕೋಶ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಅನುಮೋದನೆ ನೀಡಿತು. ಅದಕ್ಕೆ ಮುನ್ನ ಎರಡು ಬಾರಿ ಎಫ್‌ಡಿಎ ಒಪ್ಪಿರಲಿಲ್ಲ. ಆಧಾರವಾದ ಪ್ರಯೋಗದಲ್ಲಿದ್ದವರು 54 ಮಕ್ಕಳು. 28ನೇ ದಿನಕ್ಕೆ ಶೇ 70ರಷ್ಟು ಮಂದಿ ಸ್ಪಂದಿಸಿದ್ದರು, ಆದರೆ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಬೇರೆ ದಾರಿಯೇ ಕಾಣದ ಮಕ್ಕಳ ಮಟ್ಟಿಗೆ ಅನುಮೋದನೆ ಸರಿಯಾದುದೇ.

ಆತಂಕ ಇರುವುದು ಮುಂದಿನ ಹೆಜ್ಜೆಯಲ್ಲಿ. ತೊಡಕು ಬಂದ ಮೇಲೆ ಕೊಡುವ ಔಷಧವನ್ನು ಬಾರದಂತೆ ತಡೆಯಲೂ ಬಳಸಬಹುದೆಂಬ ಆಸೆ ಸಹಜ. ಆದರೆ ಒಂದು ಡೋಸ್‌ಗೆ 1.94 ಲಕ್ಷ ಡಾಲರ್ ಬೆಲೆಯಿದ್ದು, ಕನಿಷ್ಠ ಎಂಟು ಡೋಸ್ ಬೇಕು. ಹೀಗಾಗಿ ನಮ್ಮಲ್ಲಿ ಕಸಿಗೇ ಸಾಲ ಮಾಡಿದ ಪೋಷಕರ ಮುಂದೆ ‘ಮುನ್ನೆಚ್ಚರಿಕೆ’ಯ ಹೆಸರಿನಲ್ಲಿ ಅಗ್ಗದ, ಪರೀಕ್ಷಿಸದ ಕೋಶಗಳನ್ನು ಇಡುವವರು ಹುಟ್ಟಿಕೊಳ್ಳುವ ಅಪಾಯ ನಿಜ. ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಮಾಡುವ ಕಸಿಯಂಥ ಸ್ಥಾಪಿತ ಬಳಕೆಯ ಆಚೆಗಿನ ಕಾಂಡಕೋಶ ಚಿಕಿತ್ಸೆ ಪ್ರಯೋಗದ ಚೌಕಟ್ಟಿನಲ್ಲೇ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳಿದೆ. ತಡೆಗಟ್ಟುವ ಬಳಕೆಗೂ ಅದೇ ನಿಯಮ ಕಟ್ಟುನಿಟ್ಟಾಗಿ ಅನ್ವಯವಾಗಲಿ; ಪ್ರಯೋಗದಲ್ಲಿ ಪಾಲ್ಗೊಳ್ಳುವ ಕುಟುಂಬದಿಂದ ಹಣ ಪಡೆಯಕೂಡದು. ಸರ್ಕಾರಿ ಸಂಸ್ಥೆಗಳೇ ಇಂಥ ಕೋಶಗಳನ್ನು ತಯಾರಿಸಿ ಪರೀಕ್ಷಿಸಲು ಕೇಂದ್ರ ಸರ್ಕಾರ ಅನುದಾನ ಕೊಡಬೇಕು.