ಎದೆನೋವೆಲ್ಲ ಹೃದಯಾಘಾತವಲ್ಲ

ಎದೆನೋವು ಎಂದೊಡನೆ ನಮಗೆ ನೆನಪಾಗುವುದು ಹೃದಯಾಘಾತ. ಆದರೆ ಹೃದಯದಿಂದ ಹೊರಡುವ ಮಹಾಪಧಮನಿ ಸೀಳಿದರೂ ಎದೆ ನೋಯುತ್ತದೆ. ಈ ರಕ್ತನಾಳದ ಗೋಡೆಗೆ ಮೂರು ಪದರಗಳಿವೆ. ಒಳಪದರ ಹರಿದರೆ ರಕ್ತವು ಪದರಗಳ ನಡುವೆ ನುಗ್ಗಿ ಅವುಗಳನ್ನು ಬೇರ್ಪಡಿಸುತ್ತಾ ಸಾಗುತ್ತದೆ. ನಾಳ ಒಡೆದರೆ ಜೀವಕ್ಕೇ ಅಪಾಯ.

ಅಮೆರಿಕದ ಡಾ. ಮೈಕೆಲ್ ಡಿಬೇಕಿ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಡೇಕ್ರಾನ್ ಬಟ್ಟೆಯ ಕೃತಕ ರಕ್ತನಾಳ ಹೊಲಿದವರು. 1954ರಲ್ಲಿ ಈ ರೋಗಕ್ಕೆ ಯಶಸ್ವಿ ಶಸ್ತ್ರಚಿಕಿತ್ಸೆ ಮಾಡಿದವರೂ ಅವರೇ. 2005ರ ಡಿಸೆಂಬರ್ 31ರಂದು, 97ರ ಪ್ರಾಯದಲ್ಲಿ, ಅದೇ ರೋಗ ಅವರಿಗೇ ಬಂತು. 2006ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಗುಣಮುಖರಾದ ಅವರು 2008ರವರೆಗೆ ಬದುಕಿದರು.

ಇದರ ಲಕ್ಷಣಗಳನ್ನು ನೀವೂ ತಿಳಿದಿರಿ. ನೋವು ಹಠಾತ್ತನೆ, ಸೀಳಿದಂತೆ ಬರುತ್ತದೆ. ಹೆಚ್ಚಾಗಿ ಬೆನ್ನಿಗೂ ಹರಡುತ್ತದೆ. ಕೆಲವರಲ್ಲಿ ಎರಡು ಕೈಗಳ ರಕ್ತದೊತ್ತಡ ಬೇರೆ ಬೇರೆಯಾಗಿರುತ್ತದೆ. ಇಸಿಜಿಯೊಂದರಿಂದಲೇ ಇದು ತಿಳಿಯದು. ರಕ್ತನಾಳಕ್ಕೆ ಔಷಧ ಹಾಯಿಸಿ ತೆಗೆಯುವ ಸಿಟಿ ಸ್ಕ್ಯಾನ್ ಬೇಕು. ಹೃದಯಾಘಾತವೆಂದು ತಪ್ಪು ತಿಳಿದು ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಮನೆಯಲ್ಲಿ ಮಾತ್ರೆ ನುಂಗಿ ಕಾಯಬೇಡಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ನೋವು ಹೇಗೆ ಶುರುವಾಯಿತು, ಎಲ್ಲಿಗೆ ಹರಡಿತು ಎಂದು ವೈದ್ಯರಿಗೆ ವಿವರಿಸಿ.

ಹೃದಯಕ್ಕೆ ಹತ್ತಿರದ ಭಾಗ ಸೀಳಿದರೆ ತುರ್ತು ಶಸ್ತ್ರಚಿಕಿತ್ಸೆ ಬೇಕು. ಕೆಳಗಿನ ಭಾಗವಾದರೆ ಅನೇಕರಿಗೆ ರಕ್ತದೊತ್ತಡ ಇಳಿಸುವ ಔಷಧವೇ ಸಾಕಾಗುತ್ತದೆ. ಕೆಲವರಿಗೆ ಸ್ಟೆಂಟ್ ಅಳವಡಿಸುತ್ತಾರೆ.

ಈ ರೋಗದ ಮುಖ್ಯ ಕಾರಣ ಹತೋಟಿಯಲ್ಲಿಲ್ಲದ ರಕ್ತದೊತ್ತಡ. "ಈಗ ಆರಾಮವಾಗಿದ್ದೇನೆ" ಎಂದು ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮನೆಯ ಹಿರಿಯರು ಇಂದಿನ ಮಾತ್ರೆ ತೆಗೆದುಕೊಂಡರೇ ಎಂದು ಈಗಲೇ ಕೇಳಿ.